ಸುರುಳಿಯ ವಿಮಾನ, ಅಣ್ಣನ ಪಂಪು

ನನ್ನ ನಾದಿನಿಯನ್ನು ಬೀದಿಯವರೆಲ್ಲ ಕರೆಯುವುದು ಸುರುಳಿ ಎಂದು. ಹೆಸರಿಟ್ಟವರು ನನ್ನ ಮಾವ. ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಅವರ ಕಸುಬು. ಈ ಹುಡುಗಿ ಏಳು ವರ್ಷಕ್ಕೇ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬಿಸಾಕಿದ ತಂತಿಯನ್ನು ಪೆನ್ಸಿಲ್ಲಿಗೆ ಸುತ್ತುತ್ತಿದ್ದಳಂತೆ, ಒಂದು ಸುತ್ತು ಇನ್ನೊಂದರ ಬೆನ್ನೇರದ ಹಾಗೆ.

ನಾನು ಮದುವೆಯಾಗಿ ಆ ಮನೆಗೆ ಬಂದಾಗ ಅವಳಿಗೆ ಹದಿನಾಲ್ಕು. ಬಂದ ಮಾರನೆಯ ದಿನ ನನ್ನ ಕೈ ಹಿಡಿದು ಅಂಗಡಿಗೆ ಎಳೆದುಕೊಂಡು ಹೋದಳು.

"ಅತ್ತಿಗೆ, ನಿಮಗೆ ಎಣಿಸೋಕೆ ಬರುತ್ತಾ?"

"ಬರುತ್ತೆ."

"ಹಾಗಾದ್ರೆ ಇಲ್ಲಿ ಕೂತ್ಕೊಳ್ಳಿ. ನಾನು ಸುತ್ತುತೀನಿ, ನೀವು ಎಣಿಸಿ. ನಡುವೆ ಮಾತಾಡ್ಬೇಡಿ, ಲೆಕ್ಕ ತಪ್ಪುತ್ತೆ."

ಹೊಸ ಸೊಸೆ ಇನ್ನೂರ ನಲವತ್ತರ ತನಕ ಎಣಿಸಿದ್ದಾಯಿತು. ಆ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಅದೇ.

ಅವಳನ್ನು ಮದುವೆಯಾಗುತ್ತೇನೆಂದು ಬಂದವನೊಬ್ಬ, ಆಮೇಲೆ ಈ ತಂತಿ ಕೆಲಸ ಬಿಡಬೇಕು ಎಂದ. "ನಿಮ್ಮ ಮನೇಲಿ ಫ್ಯಾನ್ ಇದೆಯಾ?" ಎಂದು ಕೇಳಿದಳು. ಇದೆ ಎಂದ. "ಅದು ಸುಟ್ರೆ ಯಾರು ಸುತ್ತಿಕೊಡ್ತಾರೆ?" ಎಂದಳು. ಅವನು ಎದ್ದುಹೋದ. ಎರಡು ವರ್ಷದ ಮೇಲೆ ಅವನ ಹೆಂಡತಿ ಸುಟ್ಟ ಫ್ಯಾನನ್ನು ಹೊತ್ತುಕೊಂಡು ಇವಳ ಹತ್ತಿರವೇ ಬಂದಳು. ಸುರುಳಿ ಅದನ್ನು ಚೆನ್ನಾಗಿಯೇ ಸುತ್ತಿಕೊಟ್ಟು, "ನಿಮ್ಮ ಯಜಮಾನರಿಗೆ ಹೇಳಿ, ಇನ್ನು ಹತ್ತು ವರ್ಷ ಚಿಂತೆಯಿಲ್ಲ" ಎಂದು ಕಳಿಸಿದಳು. ಆ ಫ್ಯಾನು ಹದಿನೇಳು ವರ್ಷ ತಿರುಗಿತು.

ಮಾವ ಹೋದ ಮೇಲೆ ಅಂಗಡಿ ಎರಡಾಯಿತು. ಮುಂದಿನ ಭಾಗದಲ್ಲಿ ನಮ್ಮ ಯಜಮಾನರು ನೀರಿನ ಪಂಪು ಮಾರಲು ಕೂತರು. ನಡುವಿನಲ್ಲಿ ಸುರುಳಿಯ ಬೆಂಚು. ಅದರ ಹಿಂದೆ, ಒಂದೇ ಕಿಟಕಿಯ ಉದ್ದನೆಯ ಕೋಣೆಯೊಂದು ಖಾಲಿ ಬಿದ್ದಿತ್ತು. ಮೇಲಿನ ಮಹಡಿಯಲ್ಲಿ ನಾವೆಲ್ಲ ಇದ್ದೆವು.

ವಿಮಾನ ಅವಳ ಬದುಕಿಗೆ ಬಂದದ್ದು ಮೂವತ್ತೊಂದನೆಯ ವರ್ಷದಲ್ಲಿ, ಅದೂ ಗಿರಾಕಿಯ ಕೆಲಸವಾಗಿ. ಶಾಲೆಯ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಕರವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ಬೆರಳುದ್ದದ ಒಂದು ಅಯಸ್ಕಾಂತದ ಕಡ್ಡಿ.

"ಇದು ಸತ್ತುಹೋಗಿದೆ. ಜೀವ ತುಂಬೋಕಾಗುತ್ತಾ?"

ಸುರುಳಿ ಅದಕ್ಕೆ ಮೊಳೆಯೊಂದನ್ನು ತಾಗಿಸಿ ನೋಡಿದಳು. ಮೊಳೆ ಹಿಡಿದ ಹಾಗೆ ಮಾಡಿ ಬಿದ್ದುಬಿಟ್ಟಿತು. ಒಂದು ದಪ್ಪ ಸುರುಳಿ ಸುತ್ತಿ, ಕಡ್ಡಿಯನ್ನು ಅದರ ಹೊಟ್ಟೆಯೊಳಗಿಟ್ಟು, ಎರಡು ತುದಿಗಳನ್ನು ಲಾರಿ ಬ್ಯಾಟರಿಗೆ ಒಂದು ಕ್ಷಣ ತಾಗಿಸಿ ಎಳೆದಳು. 'ಟಪ್' ಎಂದು ಕಿಡಿ ಹಾರಿತು. ಈಗ ಅದೇ ಕಡ್ಡಿ ಆರು ಮೊಳೆಗಳನ್ನು ಗೊಂಚಲಾಗಿ ಎತ್ತಿತು.

"ಇದನ್ನ ಯಾವುದಕ್ಕೆ ಹಾಕ್ತೀರಿ ಮೇಷ್ಟ್ರೇ?"

"ವಿಮಾನಕ್ಕೆ."

"ತಮಾಷೆ ಮಾಡ್ಬೇಡಿ."

"ಭಾನುವಾರ ಗುಡ್ಡಕ್ಕೆ ಬಾ, ತಮಾಷೆಯೋ ಅಲ್ವೋ ನೋಡು."

ಹೋದಳು. ಅವತ್ತು ಸಂಜೆ ಅವಳು ಮನೆಗೆ ಬಂದು ನನಗೆ ಹೇಳಿದ್ದನ್ನು ನಾನು ಇವತ್ತಿಗೂ ಹಾಗೆಯೇ ಹೇಳಬಲ್ಲೆ. ಅಷ್ಟು ಸಲ ಹೇಳಿದ್ದಾಳೆ.

ಆ ವಿಮಾನಕ್ಕೆ ಎಂಜಿನ್ ಇಲ್ಲ, ದಾರವಿಲ್ಲ, ಕೆಳಗೆ ನಿಂತು ನಡೆಸುವ ರೇಡಿಯೋ ಪೆಟ್ಟಿಗೆಯೂ ಇಲ್ಲ. ಕೈಬಿಟ್ಟರೆ ಮುಗಿಯಿತು, ಆಮೇಲೆ ಅದುಂಟು, ಗಾಳಿಯುಂಟು. ಗಾಳಿ ಬಯಲಿನಿಂದ ಬಂದು ಗುಡ್ಡಕ್ಕೆ ಬಡಿದು ಮೇಲಕ್ಕೇಳುತ್ತದಲ್ಲ, ಆ ಏರುವ ಗಾಳಿಯ ಮೇಲೆ ಅದು ಕೂತಿರಬೇಕು. ಕೂತಿರಬೇಕಾದರೆ ಮೂತಿ ಗಾಳಿಯ ಕಡೆಗೇ ಇರಬೇಕು. ಸ್ವಲ್ಪ ಮುಖ ತಿರುಗಿಸಿತೋ, ಗಾಳಿ ಬೆನ್ನಿಗೆ ಬಿದ್ದು ತಂದು ಗುಡ್ಡಕ್ಕೆ ಅಪ್ಪಳಿಸುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದೇ ಮೂತಿಯಲ್ಲಿರುವ ಆ ಕಡ್ಡಿ. ದಿಕ್ಸೂಚಿಯ ಮುಳ್ಳಿನ ಹಾಗೆ ಅದು ಒಂದು ಮೊನೆಯ ಮೇಲೆ ತಿರುಗುತ್ತದೆ, ಅದಕ್ಕೆ ಅಂಗೈಯಗಲದ ಒಂದು ಚುಕ್ಕಾಣಿ ಅಂಟಿಕೊಂಡಿರುತ್ತದೆ. ವಿಮಾನದ ಮೈ ತಿರುಗಬಹುದು, ಕಡ್ಡಿ ತಿರುಗುವುದಿಲ್ಲ. ಅದಕ್ಕೆ ಉತ್ತರ ಯಾವುದು ಎಂದು ಗೊತ್ತು. ಮೈ ಓರೆಯಾದ ಕೂಡಲೇ ಚುಕ್ಕಾಣಿ ಗಾಳಿಗೆ ಅಡ್ಡವಾಗಿ, ಮೂತಿಯನ್ನು ಮೆಲ್ಲಗೆ ತಳ್ಳಿ ಮತ್ತೆ ದಾರಿಗೆ ತರುತ್ತದೆ. ಅವತ್ತಿನ ಗಾಳಿ ಯಾವ ಕಡೆಯಿಂದ ಬರುತ್ತಿದೆಯೋ ನೋಡಿ, ಕಡ್ಡಿಗೂ ಚುಕ್ಕಾಣಿಗೂ ಎಷ್ಟು ಓರೆ ಇರಬೇಕೆಂದು ಒಂದು ಸಣ್ಣ ಹಲ್ಲಿನ ಚಕ್ರದಲ್ಲಿ ಗುರುತು ಹಿಡಿದು ಇಟ್ಟುಬಿಟ್ಟರೆ ಸಾಕು.

"ಅತ್ತಿಗೆ, ಜನ ಹತ್ತು ಸಲ ಕೂಗಿ ಹೇಳಿದ್ರೂ ದಾರಿಗೆ ಬರಲ್ಲ. ಇದು ಕೂಗದೇ ಬರುತ್ತೆ," ಎಂದಳು.

ಮರುವಾರವೇ ಹಿಂದಿನ ಕೋಣೆ ಗುಡಿಸಿದಳು.

ಆ ಕೋಣೆಯನ್ನು ನೋಡಿದವರು ಮರೆಯುವುದಿಲ್ಲ. ಗೋಡೆಯಲ್ಲಿ ಒಂದೂ ಕಬ್ಬಿಣದ ಮೊಳೆಯಿಲ್ಲ. ಮರದ ಗೂಟಗಳು, ಹಿತ್ತಾಳೆಯ ಕೊಕ್ಕೆಗಳು. ನಾನು ಕಸ ಗುಡಿಸಲು ಹೋದರೂ ಬಾಗಿಲಲ್ಲೇ ತಡೆದು, "ಅತ್ತಿಗೆ, ತಲೆ ಪಿನ್ನು, ಬೀಗದ ಕೈ" ಎಂದು ಕೈ ಚಾಚುತ್ತಿದ್ದಳು. ಕೂದಲು ಬಿಚ್ಚಿಕೊಂಡು ಕಸ ಗುಡಿಸಿದವಳು ನಾನೊಬ್ಬಳೇ ಇರಬೇಕು. ಛಾವಣಿಯಿಂದ ರೆಕ್ಕೆಗಳು ನೇತಾಡುತ್ತಿದ್ದವು. ಕಡಲೆಸಿಪ್ಪೆಯಷ್ಟು ಹಗುರವಾದ ಮರ, ಮೇಲೆ ತೆಳು ಕಾಗದ. ನಾನು ಎರಡೂ ಕೈ ಚಾಚಿದರೂ ಆ ರೆಕ್ಕೆ ಮುಗಿಯದು. ಕಡ್ಡಿ ತಿರುಗುವ ಮೊನೆಗೆ ಆಸರೆಯಾಗಿ ಹಳೆಯ ಕರೆಂಟ್ ಮೀಟರುಗಳನ್ನು ಬಿಚ್ಚಿ ಅದರೊಳಗಿನ ಹರಳನ್ನು ಕೂರಿಸುತ್ತಿದ್ದಳು. ಮೇಷ್ಟ್ರೇ ಬಂದು ನೋಡಿ, "ನಾನು ಮೂವತ್ತು ವರ್ಷ ಅಂಗಿ ಗುಂಡಿಯ ಚೂರಿನ ಮೇಲೆ ತಿರುಗಿಸ್ತಿದ್ದೆ, ನೀನು ಒಡವೆ ಹಾಕಿಬಿಟ್ಟೆಯಲ್ಲೇ" ಎಂದರು.

ಇನ್ನೊಂದು ಅಭ್ಯಾಸವಿತ್ತು. ಹಾರಿಸುವ ಮುಂಚೆ ವಿಮಾನವನ್ನು ಅಂಗೈ ಮೇಲೆ ಎತ್ತಿ ಹಿಡಿದು, ತಾನೂ ಅದರ ಜೊತೆ ನಿಂತಲ್ಲೇ ಒಂದು ಸುತ್ತು ತಿರುಗುತ್ತಿದ್ದಳು. ಮೈ ತಿರುಗಬೇಕು, ಕಡ್ಡಿ ಅಲುಗಬಾರದು. ಅಲುಗದಿದ್ದರೆ ಸರಿ. ಅದೊಂದು ಸುತ್ತು ನೋಡದೆ ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲವೂ ಕೈಬಿಟ್ಟವಳಲ್ಲ. ಒಂದು ಸಲ ಬಿಟ್ಟಳು, ಅದನ್ನೇ ಈಗ ಹೇಳುವವಳಿದ್ದೇನೆ.

ಅವಳಿಗೆ ಐವತ್ತೆರಡಾಗಿದ್ದ ವರ್ಷ. ನಮ್ಮ ಯಜಮಾನರ ವ್ಯಾಪಾರ ಕುದುರಿತ್ತು. ಪಂಪುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಬರತೊಡಗಿದವು. ಇಡಲು ಜಾಗವಿಲ್ಲದೆ ಫುಟ್‌ಪಾತಿನ ಮೇಲೆ ಪೇರಿಸಿದರು. ನಗರಸಭೆಯವರು ಬಂದು, ಇನ್ನೊಮ್ಮೆ ಇಲ್ಲಿ ಕಂಡರೆ ಎತ್ತಿಕೊಂಡು ಹೋಗುತ್ತೇವೆ ಎಂದು ಹೇಳಿ ಹೋದರು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಅವರು ತಟ್ಟೆ ನೋಡಿಕೊಂಡೇ ಮಾತು ತೆಗೆದರು.

"ಹಿಂದಿನ ಕೋಣೆ ನನಗೆ ಬೇಕು ಕಣೇ."

"ಕೊಡಲ್ಲ," ಎಂದಳು ಸುರುಳಿ. ಚಟ್ಟನೆ ಹೇಳಿ ಮತ್ತೆ ಊಟ ಮುಂದುವರಿಸಿದಳು.

"ಅರ್ಧ ಕೊಡು."

"ಅರ್ಧದಲ್ಲಿ ಪಂಪಿಟ್ರೆ ಇನ್ನರ್ಧಾನೂ ಹೋದ ಹಾಗೇ. ಅಷ್ಟು ಕಬ್ಬಿಣದ ಪಕ್ಕ ನನ್ನ ಮ್ಯಾಗ್ನೆಟ್ಟು ಉತ್ತರ ತೋರಿಸಲ್ಲ, ನಿನ್ನ ಪಂಪು ತೋರಿಸುತ್ತೆ."

"ತೋರಿಸ್ಲಿ ಬಿಡು, ಯಾರಾದ್ರೂ ಕೊಂಡುಕೊಂಡಾರು!" ಅವರು ನಕ್ಕರು. ಅವಳು ನಗಲಿಲ್ಲ. ಅವರಿಗೆ ರೇಗಿತು. "ಕೈಬಿಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತೋ ನಿನಗೇ ಗೊತ್ತಿಲ್ಲ. ಗೊತ್ತುಗುರಿಯಿಲ್ಲದ್ದಕ್ಕೆ ಒಂದು ಕೋಣೆ!"

"ಗೊತ್ತಿದೆ."

"ಏನು ಗೊತ್ತಿದೆ? ಬರೋ ಭಾನುವಾರ ಸ್ಪರ್ಧೆ ಅಂದ್ಯಲ್ಲ. ಎಷ್ಟು ಸಲ ಹಾರಿಸ್ತೀಯ?"

"ಐದು ಸುತ್ತು. ಒಂದೊಂದೂ ನಾಲ್ಕು ನಿಮಿಷ ಹಾರಿದ್ರೆ ಪೂರ್ತಿ."

"ಐದರಲ್ಲಿ ನಾಲ್ಕು ಪೂರ್ತಿ ಹಾರ್ಲಿ. ಆ ಕೋಣೆ ಕಡೆ ಮತ್ತೆ ಕಣ್ಣೆತ್ತಿ ನೋಡಲ್ಲ. ಹಾರದಿದ್ರೆ ಸೋಮವಾರ ಪಂಪು ಒಳಗೆ, ವಿಮಾನ ಹೊರಗೆ."

"ಮಾತು ಆಡಿದ್ರೆ ಹೋಯ್ತು, ಅಣ್ಣ."

"ಆಡಿ ಆಯ್ತು."

"ಅತ್ತಿಗೆ, ಕೇಳಿಸ್ಕೊಂಡ್ರಲ್ಲ?"

ಕೇಳಿಸಿಕೊಂಡಿದ್ದೆ. ಕೋಣೆ ಹೋದರೆ ಅವಳಿಗೆ ಬೇರೆ ಜಾಗವಿಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಮಹಡಿಯಲ್ಲಿ ಅವಳ ಪಾಲಿನದು ಒಂದು ಮಂಚ, ಒಂದು ಕಪಾಟು. ಆ ರೆಕ್ಕೆಗಳನ್ನು ಎಲ್ಲಿ ನೇತುಹಾಕುವುದು, ನನ್ನ ಕುತ್ತಿಗೆಗೋ?

ಭಾನುವಾರ ನಾವು ಮೂವರೂ ಗುಡ್ಡಕ್ಕೆ ಹೋದೆವು. ಯಜಮಾನರು ಪಂಥದ ಮೇಲೆ ಕಣ್ಣಿಡಲು ಬಂದದ್ದು. ಇಪ್ಪತ್ತೊಂದು ವರ್ಷದಲ್ಲಿ ಅವರು ಆ ಗುಡ್ಡ ಹತ್ತಿದ್ದು ಅದೇ ಮೊದಲು. ಹುಲ್ಲಿನ ಬೋಳುಗುಡ್ಡ, ಕೆಳಗೆ ಬಯಲು, ಬಯಲಿನಾಚೆ ಇಟ್ಟಿಗೆಗೂಡಿನ ಚಿಮಣಿ. ಹದಿನೈದು ಇಪ್ಪತ್ತು ಜನ ಸೇರಿದ್ದರು. ಮೇಷ್ಟ್ರಿಗೆ ಈಗ ಹಾರಿಸಲು ಮೊಣಕಾಲು ಬಿಡದು. ಕುರ್ಚಿ ಹಾಕಿಕೊಂಡು, ಕುತ್ತಿಗೆಗೆ ಎರಡು ಸ್ಟಾಪ್‌ವಾಚು ನೇತುಹಾಕಿಕೊಂಡು ಸಮಯ ನೋಡಲು ಕೂತಿದ್ದರು. ಹಲ್ಲಿನ ಡಾಕ್ಟರೊಬ್ಬರು ಹೊರದೇಶದಿಂದ ತರಿಸಿದ ವಿಮಾನವನ್ನು ಚರ್ಮದ ಪೆಟ್ಟಿಗೆಯಿಂದ ತೆಗೆಯುತ್ತಿದ್ದರು.

"ಏನು ಸುರುಳಿಯವರೇ, ಮನೆಯವರನ್ನೆಲ್ಲ ಕರ್ಕೊಂಡು ಬಂದಿದ್ದೀರಿ?"

"ನಮ್ಮಣ್ಣ ಪಂಪು ಇಡೋಕೆ ಜಾಗ ಹುಡುಕ್ತಾ ಇದ್ದಾನೆ ಡಾಕ್ಟ್ರೇ. ಗುಡ್ಡ ಹೇಗಿದೆ ಅಂತ ನೋಡೋಕೆ ಬಂದ," ಎಂದು ಪಂಥದ ಕತೆಯನ್ನು ಎಲ್ಲರಿಗೂ ಹೇಳಿದಳು.

ಮೊದಲ ಸುತ್ತಿಗೆ ಅವಳು ಅಂಚಿಗೆ ಹೋಗಿ ನಿಂತಳು. ಕೆಳಗಿನ ಹುಲ್ಲು ಬಾಗುವುದನ್ನು ನೋಡಿದಳು, ಚಕ್ರವನ್ನು ಒಂದು ಹಲ್ಲು ತಿರುವಿದಳು, ಅಂಗೈ ಮೇಲೆ ವಿಮಾನ ಹಿಡಿದು ನಿಂತಲ್ಲೇ ಒಂದು ಸುತ್ತು ಬಂದಳು. ಆಮೇಲೆ ಎರಡು ಹೆಜ್ಜೆ ಮುಂದಿಟ್ಟು, ದೋಣಿಯನ್ನು ನೀರಿಗೆ ಬಿಟ್ಟ ಹಾಗೆ ಬಿಟ್ಟಳು. ಅದು ಗಾಳಿಯ ಎದುರಿಗೆ ಹೋಗಿ, ನಮ್ಮ ತಲೆಯ ಎತ್ತರಕ್ಕಿಂತ ಮೇಲೇರಿ, ಅಲ್ಲೇ ನಿಂತಂತೆ ನಿಂತಿತು. ಮೂತಿ ಒಂದಿಷ್ಟು ಎಡಕ್ಕೆ ಹೊರಳುವುದು, ಮತ್ತೆ ತಾನೇ ನೇರವಾಗುವುದು. ಯಜಮಾನರು ಹಣೆಗೆ ಕೈಯಡ್ಡ ಹಿಡಿದು ನೋಡುತ್ತಿದ್ದರು.

"ಈಗ ಯಾರು ತಿರುಗಿಸಿದ್ದು?" ಎಂದು ನನ್ನನ್ನು ಕೇಳಿದರು.

"ಯಾರೂ ಇಲ್ಲ."

"ಮತ್ತೆ?"

"ಅದೇ."

ನಾಲ್ಕು ನಿಮಿಷಕ್ಕೆಂದು ಮೊದಲೇ ಕೀಲಿ ಕೊಟ್ಟಿಟ್ಟಿದ್ದ ಯಂತ್ರ ಅದರೊಳಗೆ ಬಿಚ್ಚಿಕೊಂಡು, ಬಾಲ ಟಪ್ಪೆಂದು ಮೇಲೆದ್ದಿತು. ಹಾಗೆ ಬಾಲ ಎದ್ದರೆ ವಿಮಾನ ಹಾರುವುದನ್ನು ಬಿಟ್ಟು, ಮಟ್ಟಸವಾಗಿ ಲಿಫ್ಟಿನಂತೆ ಇಳಿಯುತ್ತದೆ. ಬಯಲಿನ ಹುಲ್ಲಿನ ಮೇಲೆ ಕೂತಿತು. "ಪೂರ್ತಿ!" ಎಂದು ಮೇಷ್ಟ್ರು ಕೂಗಿದರು.

ಎರಡನೆಯದೂ ಪೂರ್ತಿ. ಅಷ್ಟರಲ್ಲಿ ಮಧ್ಯಾಹ್ನವಾಯಿತು. ಸುರುಳಿ ವಿಮಾನವನ್ನು ಬಟ್ಟೆಯ ಮೇಲಿಟ್ಟು, ಬುತ್ತಿ ಬಿಚ್ಚುವ ಮುಂಚೆ ಕೈ ತೊಳೆಯಲು ಹೊರಟಳು.

"ಅತ್ತಿಗೆ, ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ."

ನೋಡಿಕೊಂಡೆ. ಡಾಕ್ಟರು ಹತ್ತಿರ ಬಂದಾಗ ಬೇಡ ಎಂದೆ. ಇಬ್ಬರು ಕಾಲೇಜು ಹುಡುಗಿಯರನ್ನು ದೂರ ನಿಲ್ಲಿಸಿದೆ. ಆದರೆ ಕಟ್ಟಿಕೊಂಡ ಗಂಡನನ್ನು ಆ 'ಯಾರೂ' ಎನ್ನುವುದರೊಳಗೆ ಸೇರಿಸುವುದು ನನಗೆ ಹೊಳೆಯಲಿಲ್ಲ. ಅವರು ಬಂದು ಮಂಡಿಯೂರಿ ಕೂತು, ಮುಟ್ಟದೆ, ಮೂತಿಯನ್ನು ಬಗ್ಗಿ ಬಗ್ಗಿ ನೋಡಿದರು. ಬೆಳಗ್ಗೆಯಿಂದ ಅವರ ಮುಖವೇ ಬೇರೆಯಾಗಿತ್ತು. ಪಂಪು ಬಿಚ್ಚುವಾಗ ಮಾತ್ರ ನಾನು ನೋಡಿದ್ದ ಮುಖ ಅದು.

"ಮೂರು ಸ್ಕ್ರೂ ಇರಬೇಕಾದಲ್ಲಿ ಎರಡೇ ಇದೆಯಲ್ಲ," ಎಂದರು. "ಇಳಿಯೋವಾಗ ಉದುರಿರಬೇಕು. ಇವಳು ನೋಡೇ ಇಲ್ಲ."

ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ನಾಲ್ಕು ಸ್ಕ್ರೂ, ಒಂದು ಸಣ್ಣ ಸ್ಕ್ರೂಡ್ರೈವರು ಇದ್ದೇ ಇರುತ್ತವೆ. ಒಂದನ್ನು ತೆಗೆದು ತಿರುವಿ ಕೂರಿಸಿದರು. ಅಳತೆ ಸರಿಯಾಯಿತು. "ನೋಡು, ನಮ್ಮ ಪಂಪಿನದೇ," ಎಂದು ಹಿಗ್ಗಿದರು. ತಂಗಿಗೊಂದು ಉಪಕಾರ ಮಾಡಿದ ಸಂತೋಷ. ನನಗೂ ಸಂತೋಷವೇ ಆಯಿತು, ಸುಳ್ಳು ಹೇಳಲಾರೆ.

ಮೂರನೆಯ ಸುತ್ತಿನ ಹೊತ್ತಿಗೆ ಗಾಳಿ ಬಲವಾಗಿ, ಹದವಾಗಿ ಬೀಸುತ್ತಿತ್ತು. ಆ ಕಾಲೇಜು ಹುಡುಗಿಯರು ಸುರುಳಿಯನ್ನು ಬಿಡದೆ, ಇದು ಹೇಗೆ, ಅದು ಯಾಕೆ ಎಂದು ಕೇಳುತ್ತಿದ್ದರು. ಅವಳು ಉತ್ಸಾಹದಿಂದ ವಿವರಿಸುತ್ತಿದ್ದಾಗಲೇ ಮೇಷ್ಟ್ರು ಸೀಟಿ ಊದಿದರು. "ಮುಂದಿನವರು! ಸುರುಳಿ, ಪಾಠ ಸಾಕು!" ಅವಳು ನಗುತ್ತಾ ಅಂಚಿಗೆ ಹೋದಳು, ಚಕ್ರ ನೋಡಿದಳು, ಎರಡು ಹೆಜ್ಜೆ ಇಟ್ಟು ಬಿಟ್ಟಳು. ಆ ಒಂದು ಸುತ್ತು ತಿರುಗಲಿಲ್ಲ.

ವಿಮಾನ ಸ್ವಲ್ಪ ದೂರ ನೇರ ಹೋಗಿ ಬಲಕ್ಕೆ ಹೊರಳಿತು. ಈಗ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ನಾವು ನೋಡುತ್ತಲೇ ಇದ್ದೆವು. ಅದು ತಿರುಗಲಿಲ್ಲ. ಹಾಗೇ ದೊಡ್ಡದೊಂದು ಸುತ್ತು ಹಾಕಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು, ಬಾಣದಂತೆ ಬಂದು ನಮ್ಮ ಕಾಲ ಕೆಳಗಿನ ಇಳಿಜಾರಿಗೆ ಬಡಿಯಿತು.

"ನಲವತ್ತೊಂದು ಸೆಕೆಂಡು," ಎಂದರು ಮೇಷ್ಟ್ರು, ಮೆಲ್ಲಗೆ.

ಡಾಕ್ಟರು ತಲೆಯಾಡಿಸಿದರು. "ಗಾಳಿ ಕೆಟ್ಟಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾಳಿ ಸರಿಯಾಗೇ ಇದೆ ಡಾಕ್ಟ್ರೇ," ಎಂದು ಸುರುಳಿ ಇಳಿದುಹೋಗಿ ವಿಮಾನ ಎತ್ತಿಕೊಂಡು ಬಂದಳು. ರೆಕ್ಕೆಯ ತುದಿಯ ಕಾಗದ ಹರಿದಿತ್ತು, ಬೇರೇನೂ ಮುರಿದಿರಲಿಲ್ಲ. ಒಂದು ಸೋಲಿಗೆ ಪಂಥದಲ್ಲಿ ಜಾಗವಿತ್ತು. ಇನ್ನೊಂದಕ್ಕಿಲ್ಲ.

ಅವಳು ಹುಲ್ಲಿನ ಮೇಲೆ ಕೂತು ವಿಮಾನವನ್ನು ಅಂಗೈ ಮೇಲಿಟ್ಟು ತಿರುಗಿಸಿದಳು. ಮೈ ತಿರುಗಿತು. ಜೊತೆಗೆ ಕಡ್ಡಿಯೂ ತಿರುಗಿತು, ಕಟ್ಟಿಹಾಕಿದ ಕರುವಿನ ಹಾಗೆ. ಅವಳು ಮೂತಿಯನ್ನು ಕಣ್ಣ ಹತ್ತಿರ ಹಿಡಿದಳು. ಎರಡು ಹಳದಿ ಸ್ಕ್ರೂ, ಒಂದು ಬಿಳಿ. ಬಿಳಿಯದನ್ನು ಬಿಚ್ಚಿ ಕಡ್ಡಿಯ ಹತ್ತಿರ ತಂದಳು. ಅದು ಅವಳ ಬೆರಳಿಂದ ಜಿಗಿದು 'ಟಕ್' ಎಂದು ಅಂಟಿಕೊಂಡಿತು.

ಕಬ್ಬಿಣ. ಕಡ್ಡಿಯ ತುದಿಗೆ ಒಂದು ಬೆರಳಿನಷ್ಟು ಹತ್ತಿರದಲ್ಲಿ ಕಬ್ಬಿಣ. ಉತ್ತರ ಎಲ್ಲೋ ದೂರ, ಸ್ಕ್ರೂ ಮಗ್ಗುಲಲ್ಲೇ. ಕಡ್ಡಿ ಯಾರ ಮಾತು ಕೇಳೀತು?

"ಇದನ್ನ ಯಾರು ಹಾಕಿದ್ದು?" ಎಂದು ಡಾಕ್ಟರೇ ಮೊದಲು ಕೇಳಿದರು.

ನಾನು ಮಾತಾಡಬೇಕೆಂದುಕೊಳ್ಳುವಷ್ಟರಲ್ಲಿ ಯಜಮಾನರು ಮುಂದೆ ಬಂದರು. ಕಿವಿಯವರೆಗೂ ಕೆಂಪಾಗಿದ್ದರು.

"ನಾನೇ. ಒಂದು ಉದುರಿತ್ತು, ಹಾಕಿದೆ. ಸ್ಕ್ರೂ ಅಂದ್ರೆ ಸ್ಕ್ರೂ ಅಂದ್ಕೊಂಡೆ."

"ಪಂಥ ಕಟ್ಟಿದವರು ನೀವೇ ಅಲ್ವೇ ಸ್ವಾಮಿ?" ಎಂದರು ಡಾಕ್ಟರು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನರು ಸ್ಕ್ರೂ ಇದ್ದ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಸುರುಳಿ ತಲೆಯೆತ್ತಿದಳು.

"ಡಾಕ್ಟ್ರೇ, ನಮ್ಮಣ್ಣ ಕಳ್ಳ ಅಲ್ಲ, ಪಂಪಿನವನು. ಅವನಿಗೆ ಎಲ್ಲ ಸ್ಕ್ರೂನೂ ಒಂದೇ."

ಯಾರೋ ನಕ್ಕರು, ಬಿಗಿ ಸಡಿಲಾಯಿತು. ಯಜಮಾನರು ಮಾತ್ರ ನಗಲಿಲ್ಲ. ನೇರ ಮೇಷ್ಟ್ರ ಹತ್ತಿರ ಹೋದರು.

"ತಪ್ಪು ನನ್ನದು. ಈ ಸುತ್ತು ಲೆಕ್ಕಕ್ಕೆ ಹಿಡೀಬೇಡಿ. ಮತ್ತೆ ಹಾರಿಸೋಕೆ ಬಿಡಿ."

"ನಿಯಮ ಇಲ್ಲಪ್ಪ."

"ಸ್ಪರ್ಧೆಗೆ ಬೇಡ. ನಮ್ಮ ಪಂಥಕ್ಕಾದ್ರೂ ಬಿಡಿ. ಏ ಸುರುಳಿ, ಇದು ಬೇಡ ಕಣೇ. ಈ ಸುತ್ತು ಬಿಟ್ಟು ಇನ್ನೊಂದು ಸಲ ಹಾರಿಸು."

"ಹಿಡಿ ಅಣ್ಣ, ಲೆಕ್ಕಕ್ಕೆ ಹಿಡಿ," ಎಂದಳು ಅವಳು. "ಸ್ಕ್ರೂ ಹಾಕಿದ್ದು ನೀನು. ತಿರುಗಿಸಿ ನೋಡದೆ ಬಿಟ್ಟಿದ್ದು ನಾನು. ನೋಡಿದ್ರೆ ನೀನು ಸುತ್ತಿಗೆ ಒಳಗಿಟ್ಟಿದ್ರೂ ಗೊತ್ತಾಗ್ತಿತ್ತು."

"ನಾನೂ ಕಾವಲು ಕೂತಿದ್ದೆ," ಎಂದೆ ನಾನು.

"ಅತ್ತಿಗೆ, ನಿಮ್ಮದನ್ನ ಮನೆಗೆ ಹೋದ್ಮೇಲೆ ವಿಚಾರಿಸ್ಕೋತೀನಿ."

ಉದುರಿದ ಹಿತ್ತಾಳೆ ಸ್ಕ್ರೂವನ್ನು ಬಯಲಿನ ಹುಲ್ಲಿನಲ್ಲಿ ಹುಡುಕುವುದು ಆಗದ ಮಾತು. ಅವಳು ಹುಡುಕಲೂ ಇಲ್ಲ. ಚೀಲದಿಂದ ಒಂದು ಉಂಡೆ ತಾಮ್ರದ ತಂತಿ ತೆಗೆದಳು. ದಿನವೂ ಮೋಟಾರಿಗೆ ಸುತ್ತುವುದೇ. ಸ್ಕ್ರೂ ಇದ್ದ ತೂತಿನಲ್ಲಿ ಅದನ್ನು ತೂರಿಸಿ, ಮೂತಿಯ ಪಟ್ಟಿಯನ್ನು ಸೇರಿಸಿ ಆರು ಸುತ್ತು ಸುತ್ತಿ, ತುದಿಯನ್ನು ಹಲ್ಲಿನಿಂದ ಎಳೆದು ಬಿಗಿದು, ಒಳಗೆ ಸಿಕ್ಕಿಸಿದಳು. ಒಂದು ಸುತ್ತು ಇನ್ನೊಂದರ ಬೆನ್ನೇರಿರಲಿಲ್ಲ. ಕಾಲೇಜು ಹುಡುಗಿಯೊಬ್ಬಳು ರೆಕ್ಕೆಯ ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚಿಕೊಟ್ಟಳು. ಯಜಮಾನರು ಜೇಬಿನಿಂದ ಉಳಿದ ಮೂರು ಸ್ಕ್ರೂ, ಸ್ಕ್ರೂಡ್ರೈವರು, ಕೈಗಡಿಯಾರ, ಬೀಗದ ಕೈ ಎಲ್ಲ ತೆಗೆದು ನನ್ನ ಚೀಲಕ್ಕೆ ಸುರಿದು, ಹತ್ತು ಮಾರು ದೂರ ಹೋಗಿ ಕೈ ಕಟ್ಟಿಕೊಂಡು ನಿಂತರು.

ನಾಲ್ಕನೆಯ ಸುತ್ತಿಗೆ ಅವಳು ಒಂದಲ್ಲ, ಎರಡು ಸಲ ತಿರುಗಿ ನೋಡಿದಳು. ಪೂರ್ತಿ ಹಾರಿತು. ಆ ವಿಮಾನ ಎಂದಾದರೂ ಗುಡ್ಡಕ್ಕೆ ಬಡಿದಿತ್ತು ಎಂದರೆ ಯಾರೂ ನಂಬಲಾರರು, ಹಾಗೆ ಹಾರಿತು.

ಐದನೆಯದು ಉಳಿಯಿತು. ಅದರ ಸರದಿ ಬರುವ ಹೊತ್ತಿಗೆ ಬಿಸಿಲು ಇಳಿದು ಗಾಳಿ ಸತ್ತಿತ್ತು. ಕಾಲು ಗಂಟೆಯೊಳಗೆ ಬಿಡಬೇಕು, ಬಿಡದಿದ್ದರೆ ಸೊನ್ನೆ. ಅವಳು ವಿಮಾನ ಹಿಡಿದು ಅಂಚಿನಲ್ಲಿ ನಿಂತಳು. ನಿಂತೇ ಇದ್ದಳು. ಐದು ನಿಮಿಷವಾಯಿತು, ಎಂಟಾಯಿತು. ಡಾಕ್ಟರು ತಾಳಲಾರದೆ ತಮ್ಮದನ್ನು ಬಿಟ್ಟರು. ಅದು ಸೊಗಸಾಗಿ ನೇರವಾಗಿಯೇ ಹೋಗಿ, ಏರಿಸುವ ಗಾಳಿಯಿಲ್ಲದೆ ಒಂದೂವರೆ ನಿಮಿಷಕ್ಕೆ ಬಯಲು ಸೇರಿತು.

ಹತ್ತು ಮಾರು ದೂರದಿಂದ ಯಜಮಾನರು ಕೂಗಿದರು. "ಬಿಡೇ! ಹೊತ್ತಾಯ್ತು!"

"ಸುಮ್ನಿರು."

"ಇನ್ನು ನಾಲ್ಕೇ ನಿಮಿಷ!"

"ಗಡಿಯಾರ ಬಿಚ್ಚಿಟ್ಟೋನು ನಿಮಿಷ ಹೇಳ್ಬಾರದು!"

ಅವಳ ಕಣ್ಣು ಇಟ್ಟಿಗೆಗೂಡಿನ ಚಿಮಣಿಯ ಮೇಲಿತ್ತು. ಹೊಗೆ ಕಂಬದಂತೆ ನೇರ ಏಳುತ್ತಿತ್ತು. ನೋಡುತ್ತಿದ್ದಂತೆ ಅದರ ತಲೆ ನಮ್ಮ ಕಡೆಗೆ ಬಾಗಿತು, ಸ್ವಲ್ಪ ಎಡದಿಂದ. ಅವಳು ಚಕ್ರವನ್ನು ಎರಡು ಹಲ್ಲು ತಿರುವಿದಳು. ನಿಂತಲ್ಲೇ ಒಂದು ಸುತ್ತು ಬಂದಳು. ಬಯಲಿನ ಹುಲ್ಲು ಬಾಗಿತು, ಆಮೇಲೆ ಇಳಿಜಾರಿನದು, ಆಮೇಲೆ ನಮ್ಮ ಕಾಲ ಬುಡದ್ದು. ಆಗ ಬಿಟ್ಟಳು.

ಮೊದಲು ಅದು ಇಳಿಯಿತು. ನಮ್ಮ ಕಣ್ಣಿಗಿಂತ ಕೆಳಗೆ, ಇಳಿಜಾರಿನ ಪೊದೆಗಳ ಮಟ್ಟಕ್ಕೆ. ಮೂತಿ ಬಲಕ್ಕೆ ಹೊರಳಿತು. ಹೊರಳಿದ್ದು ನಿಂತಿತು; ಯಾರೋ ಗಲ್ಲ ಹಿಡಿದು ತಿರುಗಿಸಿದ ಹಾಗೆ ಮೂತಿ ಮತ್ತೆ ಗಾಳಿಯ ಕಡೆಗೆ ಬಂತು. ಬಂದ ಮೇಲೆ ಏರತೊಡಗಿತು.

"ಒಂದು ನಿಮಿಷ!" ಎಂದರು ಮೇಷ್ಟ್ರು.

ಯಜಮಾನರು ಯಾವಾಗ ನಮ್ಮ ಪಕ್ಕಕ್ಕೆ ಓಡಿಬಂದರೋ ನೋಡಲಿಲ್ಲ. "ಏರು, ಏರು, ಹಾಗೇ! ಬಲಕ್ಕೆ ಬೇಡ! ಹಾಂ, ಹಾಗೆ!" ಎಂದು ಅದಕ್ಕೆ ಕೈಯಲ್ಲಿ ದಾರಿ ತೋರಿಸುತ್ತಿದ್ದರು.

"ಅದಕ್ಕೆ ಕಿವಿ ಇಲ್ಲ ಅಣ್ಣ."

"ನೀನು ಸುಮ್ನಿರೇ. ಎರಡೂವರೆ ಆಯ್ತಾ ಮೇಷ್ಟ್ರೇ?"

ಮೂರಾಯಿತು. ಮೂರೂವರೆಗೆ ಗಾಳಿ ಮತ್ತೆ ಕುಂದಿ ಅದು ಇಳಿಯಲಾರಂಭಿಸಿತು, ಇಷ್ಟಿಷ್ಟೇ, ಮೆಟ್ಟಿಲಿಳಿಯುವ ಮುದುಕಿಯ ಹಾಗೆ. ಬಯಲು ಹತ್ತಿರವಾಗುತ್ತಿತ್ತು. ಯಜಮಾನರು ನನ್ನ ಮೊಣಕೈ ಹಿಡಿದುಕೊಂಡಿದ್ದರು; ಆ ಗುರುತು ಮೂರು ದಿನ ಇತ್ತು. ಸುರುಳಿ ಮಾತ್ರ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಲೆಯ ಮೇಲಿನ ಹಾಲು ನೋಡುವವಳ ಹಾಗೆ ನೋಡುತ್ತಿದ್ದಳು.

ಹುಲ್ಲಿನಿಂದ ಆಳೆತ್ತರದಲ್ಲಿ ಅದು ಇನ್ನೂ ತೇಲುತ್ತಿರುವಾಗಲೇ ಬಾಲ ಮೇಲೆದ್ದಿತು.

"ಪೂರ್ತಿ!" ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

"ಗೆದ್ವಿ!" ಎಂದು ಯಜಮಾನರು ಎರಡೂ ಕೈ ಎತ್ತಿ ಕುಣಿದರು. "ಗೆದ್ವಿ ಕಣೇ ಸುರುಳಿ!"

"ಸ್ವಾಮಿ, ನೀವು ಸೋತ್ರಿ," ಎಂದರು ಡಾಕ್ಟರು.

ಎತ್ತಿದ ಕೈ ಹಾಗೇ ನಿಂತಿತು. ಅವರು ತಂಗಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಬಯಲಿನಲ್ಲಿ ಬಿದ್ದಿದ್ದ ವಿಮಾನ ನೋಡಿದರು. "ಹೌದಲ್ಲ," ಎಂದರು. ಹಾಗೆಂದವರು ಅದನ್ನು ತರಲು ತಾವೇ ಗುಡ್ಡ ಇಳಿದು ಹೋದರು.

ಸ್ಪರ್ಧೆಯಲ್ಲಿ ಅವಳಿಗೆ ಮೂರನೆಯ ಸ್ಥಾನ ಬಂತು. ಮೊದಲ ಎರಡು ಯಾರಿಗೆ ಬಂತೆಂದು ನನಗೆ ನೆನಪಿಲ್ಲ.

ಸೋಮವಾರ ಬೆಳಗ್ಗೆ ಫುಟ್‌ಪಾತಿನ ಮೇಲೆ ಹನ್ನೆರಡು ಪೆಟ್ಟಿಗೆ ಪಂಪು ಇದ್ದೇ ಇತ್ತು. ಯಜಮಾನರು ಹಿಂದಿನ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ಒಂದನ್ನು ಹೆಗಲಿಗೇರಿಸಿಕೊಂಡು ಮಹಡಿ ಮೆಟ್ಟಿಲು ಹತ್ತತೊಡಗಿದರು. ಸುರುಳಿ ಬೆಂಚು ಬಿಟ್ಟೆದ್ದು, ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದಳು.

"ಎಲ್ಲಿಗೆ ಇದು?" ಎಂದೆ ನಾನು, ಬಾಗಿಲಲ್ಲಿ ನಿಂತು.

"ನಮ್ಮ ಮಂಚದ ಕೆಳಗೆ," ಎಂದರು ಏದುಸಿರು ಬಿಡುತ್ತಾ. "ಆಡಿದ ಮಾತು ಆಡಿದ್ದೇ."

"ಆಡಿದ್ದು ನೀವು. ಮಂಚ ಇಬ್ಬರದು!"

"ಅತ್ತಿಗೆ," ಎಂದಳು ಸುರುಳಿ ಪೆಟ್ಟಿಗೆಯ ಹಿಂದಿನಿಂದ, "ಕಾವಲು ಕೂತಿದ್ದು ಯಾರು?"

ನಾನು ದಾರಿ ಬಿಟ್ಟೆ. ಒಂಬತ್ತು ವರ್ಷವಾಯಿತು. ಪಂಪುಗಳು ಬರುತ್ತವೆ, ಹೋಗುತ್ತವೆ, ಜಾಗ ಮಾತ್ರ ಬದಲಾಗಿಲ್ಲ. ಒಂದೂವರೆ ಎಚ್‌ಪಿಯದು ಬೇಕೆಂದು ಮಧ್ಯಾಹ್ನ ಯಾರಾದರೂ ಗಿರ್ರನೆ ಗಂಟೆ ಒತ್ತಿದರೆ, ಮಲಗಿದ್ದವಳು ನಾನು ಎದ್ದು, ಕಾಲು ಮೇಲೆತ್ತಿಕೊಂಡು, ಅವರು ಮಂಚದಡಿಯಿಂದ ಪೆಟ್ಟಿಗೆ ಎಳೆದುಕೊಳ್ಳುವ ತನಕ ಕೂತಿರುತ್ತೇನೆ.